ಅಪ್ಪ-ಅಮ್ಮನ ಹಳೇ ಮನೆಗೆ ಮಾತು ಕೇಳುವ ಲೈಟ್: ಬಲ್ಬ್ ಬದಲಿಸಬೇಕಾ, ಸ್ವಿಚ್ಚಾ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ-ಅಮ್ಮ ದಾವಣಗೆರೆಯ ಹಳೇ ಮನೆಯಲ್ಲಿದ್ದಾರೆ, ಕಟ್ಟಿಸಿ ಮೂವತ್ತು ವರ್ಷ ಆಗುತ್ತಾ ಬಂತು. ಅಮ್ಮನಿಗೆ ಮಂಡಿನೋವು, ಪ್ರತಿ ಸಲ ಎದ್ದು ಸ್ವಿಚ್ ಹಾಕೋದು ಕಷ್ಟ. ಮಾತಲ್ಲೇ ಲೈಟ್ ಹಾಕಿ ಆರಿಸೋ ಹಾಗೆ ಮಾಡಿಸಬೇಕು. ಸ್ಮಾರ್ಟ್ ಬಲ್ಬ್ ತಗೊಳ್ಳಲಾ, ಸ್ಮಾರ್ಟ್ ಸ್ವಿಚ್ಚಾ? ಗೋಡೆ ಒಡೆಸಬೇಕಾ? ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಕರೆಂಟ್ ಬೇರೆ ಆಗಾಗ ಹೋಗುತ್ತೆ, ಮನೇಲಿ ಯುಪಿಎಸ್ ಇದೆ. ಹದಿನೈದು ಸಾವಿರದೊಳಗೆ ಆಗುತ್ತಾ?

ಉತ್ತರ: ಗೋಡೆ ಒಡೆಸುವುದು ಬೇಡ. ಹದಿನೈದು ಸಾವಿರದೊಳಗೆ ಆಗುತ್ತದೆ, ಆದರೆ ಇಡೀ ಮನೆಗೆ ಅಲ್ಲ. ಹಾಲ್, ಅಪ್ಪ-ಅಮ್ಮ ಮಲಗುವ ರೂಮು, ಅಡುಗೆಮನೆ, ಹೊರಗಿನ ಗೇಟ್ ಲೈಟು, ಇಷ್ಟಕ್ಕೆ ಆಗುತ್ತದೆ. ನಿಮ್ಮ ಅಮ್ಮನಿಗೆ ಬೇಕಿರುವುದೂ ಇಷ್ಟೇ ಅಲ್ವಾ. ಉಳಿದ ರೂಮುಗಳಿಗೆ ಸುಮ್ನೆ ದುಡ್ಡು ಹಾಕಬೇಡಿ.

ಈಗ ಬಲ್ಬಾ ಸ್ವಿಚ್ಚಾ ಅನ್ನೋದಕ್ಕೆ ಬರೋಣ. ಅಂಗಡಿಯವರು ಮೊದಲು ತೋರಿಸುವುದು ಬಲ್ಬು. ಹೋಲ್ಡರ್‌ಗೆ ಹಾಕಿ ತಿರುಗಿಸಿದರೆ ಮುಗೀತು, ಎಲೆಕ್ಟ್ರಿಷಿಯನ್ ಬೇಡ, 1.6 ಕೋಟಿ ಬಣ್ಣ ಅಂತ ಡಬ್ಬದ ಮೇಲೇ ಬರೆದಿರುತ್ತದೆ. ಕೆಲಸ ಮಾಡುವುದೇನೋ ನಿಜ. ಆದರೆ ಗೋಡೆಯ ಸ್ವಿಚ್ ಯಾವಾಗಲೂ ಆನ್‌ನಲ್ಲೇ ಇರಬೇಕು, ಯಾಕೆಂದರೆ ಸ್ಪೀಕರ್ ಕಡೆಯಿಂದ ಬರುವ ಆದೇಶ ಹಿಡಿಯುವ ವೈಫೈ ಚಿಪ್ ಇರುವುದು ಬಲ್ಬಿನ ಒಳಗೆ, ಅದಕ್ಕೆ ಸದಾ ಕರೆಂಟ್ ಬೇಕು. ಮೂವತ್ತು ವರ್ಷದಿಂದ ರೂಮಿಂದ ಹೊರಗೆ ಬರುವಾಗ ಸ್ವಿಚ್ ಆರಿಸಿ ಬರುವ ಅಭ್ಯಾಸ ನಿಮ್ಮ ಅಪ್ಪನಿಗೆ ಇರುತ್ತದೆ. ಕೆಲಸದವರು ಬಂದರೆ ಅವರೂ ಆರಿಸುತ್ತಾರೆ. ಹಬ್ಬಕ್ಕೆ ಬಂದ ನೆಂಟರಂತೂ ಆರಿಸಿಯೇ ಆರಿಸುತ್ತಾರೆ. ಆಮೇಲೆ ಅಮ್ಮ ಮಂಚದ ಮೇಲೆ ಕೂತು ಎಷ್ಟು ಕೂಗಿದರೂ ಲೈಟ್ ಹತ್ತುವುದಿಲ್ಲ. ಮಾತು ಕೇಳಿಸಿಕೊಳ್ಳುವ ಸ್ಮಾರ್ಟ್ ಸ್ಪೀಕರ್ (ಅಲೆಕ್ಸಾ, ಗೂಗಲ್ ಥರದ್ದು) ಇಂಗ್ಲಿಷಿನಲ್ಲಿ ಏನೋ ಒಂದು ನೆಪ ಹೇಳುತ್ತದೆ, ಅಮ್ಮ ಎದ್ದು ಹೋಗಿ ಸ್ವಿಚ್ ಹಾಕುತ್ತಾರೆ. ಎರಡು ವಾರ ಹೀಗೇ ಆದರೆ ಆ ಸ್ಪೀಕರ್ ಟಿವಿ ಪಕ್ಕ ಧೂಳು ಹಿಡಿಯುತ್ತದೆ.

ಯಾರ ಮನೆಯವರು ಕೇಳಿದರೂ ನಾನು ಹೇಳುವುದು ಒಂದೇ ಮಾತು. ಮನೆಗೆ ಮೊದಲ ಸಲ ಬಂದವರು, ಇದ್ಯಾವುದೂ ಗೊತ್ತಿಲ್ಲದವರು, ಸ್ವಿಚ್ ಒತ್ತಿದರೆ ಲೈಟ್ ಹತ್ತಬೇಕು, ಇನ್ನೊಮ್ಮೆ ಒತ್ತಿದರೆ ಆರಬೇಕು. ಮಾತು ಅದರ ಮೇಲೆ ಹೆಚ್ಚುವರಿಯಾಗಿ ಬರಬೇಕು. ಈ ಲೆಕ್ಕಕ್ಕೆ ಹೊಂದುವುದು ಸ್ವಿಚ್ಚಿನ ಹಿಂದೆ ಕೂರುವ ಸ್ಮಾರ್ಟ್ ಮಾಡ್ಯೂಲ್, ಅಂದರೆ ವೈಫೈ ಇರುವ ಒಂದು ಚಿಕ್ಕ ಡಬ್ಬಿ. ಹಾಗಾಗಿ ನೀವು ಮಾಡ್ಯೂಲ್ ಹಾಕಿಸಿ.

ಬಲ್ಬಿಗೂ ಜಾಗ ಇದೆ, ಇಲ್ಲ ಅಂತಲ್ಲ. ಬಾಡಿಗೆ ಮನೆಯಾದರೆ ಬಲ್ಬೇ ಸರಿ, ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು. ಮಂಚದ ಪಕ್ಕದ ಟೇಬಲ್ ಲ್ಯಾಂಪಿಗೂ ಸರಿ. ಕೊಳ್ಳುವಾಗ ಹೋಲ್ಡರ್ ನೋಡಿ. ನಮ್ಮ ಮನೆಗಳಲ್ಲಿ ಜಾಸ್ತಿ ಇರುವುದು ಎರಡು ಪಿನ್ನಿನ ಬಿ22. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಂಡಿದ್ದು ಎಷ್ಟೋ ಸಲ ತಿರುಪಿನ ಇ27 ಆಗಿರುತ್ತದೆ.

ಮಾಡ್ಯೂಲಿಗೆ ಕರೆಂಟ್ ತರುವ ಫೇಸ್ ವೈರಿನ ಜೊತೆ, ಅದು ವಾಪಸ್ ಹೋಗುವ ನ್ಯೂಟ್ರಲ್ ವೈರ್ ಕೂಡ ಬೇಕು. ಹಳೇ ಮನೆ ಅಂದ ತಕ್ಷಣ 'ನ್ಯೂಟ್ರಲ್ ಇರಲ್ಲ, ರೀವೈರಿಂಗ್ ಆಗಬೇಕು' ಅಂತ ಹೆದರಿಸುವವರು ಇದ್ದಾರೆ. ಅದು ಅಮೆರಿಕದ ವಿಡಿಯೋ ನೋಡಿ ಬಂದ ಹೆದರಿಕೆ. ಅಲ್ಲಿ ಎಷ್ಟೋ ಹಳೇ ಮನೆಗಳಲ್ಲಿ ಲೈಟಿನ ಸ್ವಿಚ್ ಒಂಟಿಯಾಗಿ ಒಂದು ಡಬ್ಬದಲ್ಲಿರುತ್ತದೆ, ಅಲ್ಲಿಗೆ ಫೇಸ್ ಮಾತ್ರ ಬರುತ್ತದೆ. ನಮ್ಮಲ್ಲಿ ನಾಲ್ಕೈದು ಸ್ವಿಚ್ ಇರುವ ಬೋರ್ಡಿನಲ್ಲೇ ಒಂದು ಐದು ಆಂಪಿಯರ್ ಸಾಕೆಟ್ಟೂ ಇರುತ್ತದೆ, ಎಷ್ಟೋ ಕಡೆ ಕೆಂಪು ಇಂಡಿಕೇಟರ್ ಕೂಡ ಇರುತ್ತದೆ. ಸಾಕೆಟ್ ಇದ್ದರೆ ಆ ಬೋರ್ಡಿಗೆ ನ್ಯೂಟ್ರಲ್ ಬಂದೇ ಬಂದಿರುತ್ತದೆ, ಇಲ್ಲದಿದ್ದರೆ ಮೊಬೈಲ್ ಚಾರ್ಜ್ ಆಗುವುದು ಹೇಗೆ? ನಿಮ್ಮದು ಆ ಕಾಲದ ಮನೆಯಾದ್ದರಿಂದ ಮರದ ಬಾಕ್ಸಿನ ಮೇಲೆ ಹೈಲಂ ಶೀಟು, ಅದರಲ್ಲಿ ಪಿಯಾನೋ ಸ್ವಿಚ್ಚುಗಳು ಇರುವ ಸಾಧ್ಯತೆ ಜಾಸ್ತಿ. ನೋಡಲು ಚಂದ ಇರಲಿಕ್ಕಿಲ್ಲ, ಆದರೆ ಮಾಡ್ಯೂಲ್ ಕೂರಿಸಲು ಅದೇ ಒಳ್ಳೆಯದು. ಈಗಿನ ಕಬ್ಬಿಣದ ಬಾಕ್ಸುಗಳಿಗಿಂತ ಒಳಗೆ ಜಾಗ ಜಾಸ್ತಿ.

ಎಲೆಕ್ಟ್ರಿಷಿಯನ್ ಬಂದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಮೇನ್ ಮತ್ತು ಯುಪಿಎಸ್ ಎರಡನ್ನೂ ಆಫ್ ಮಾಡಿ ಶೀಟಿನ ನಾಲ್ಕು ಮೂಲೆಯ ಸ್ಕ್ರೂ ಬಿಚ್ಚಿದರೆ ಹಿಂದೆ ವೈರುಗಳ ಗೊಂಚಲು ಕಾಣುತ್ತದೆ. ಸ್ವಿಚ್ಚುಗಳ ಒಂದು ಬದಿಗೆಲ್ಲಾ ಸಾಲಾಗಿ ಹಾರಿಸಿಕೊಂಡು ಹೋಗಿರುವ ವೈರು ಫೇಸ್, ಸಾಮಾನ್ಯವಾಗಿ ಕೆಂಪು. ಇನ್ನೊಂದು ಬದಿಯಿಂದ ಒಂದೊಂದೇ ವೈರು ಒಂದೊಂದು ಲೈಟಿಗೆ, ಫ್ಯಾನಿಗೆ ಹೋಗಿರುತ್ತದೆ. ಸಾಕೆಟ್ಟಿಗೆ ಮೂರು ಬಂದಿರುತ್ತವೆ: ಮೇಲಿನ ದೊಡ್ಡ ತೂತಿಗೆ ಹಸಿರು ಅರ್ಥಿಂಗ್, ಎದುರಿಂದ ನೋಡಿದಾಗ ಬಲಕ್ಕೆ ಫೇಸ್, ಎಡಕ್ಕೆ ಕಪ್ಪು ನ್ಯೂಟ್ರಲ್. ಇದು ನಿಯಮ. ಹಳೇ ಮನೆಯಲ್ಲಿ ಬಣ್ಣವನ್ನೂ ನಂಬಬೇಡಿ, ಎಡ-ಬಲವನ್ನೂ ನಂಬಬೇಡಿ, ಎಲೆಕ್ಟ್ರಿಷಿಯನ್ ಮತ್ತೆ ಕರೆಂಟ್ ಕೊಟ್ಟು ಟೆಸ್ಟರ್ ಇಟ್ಟೇ ನೋಡಬೇಕು. ಯಾವತ್ತೋ ಕೆಂಪು ವೈರು ಮುಗಿದಿತ್ತು ಅಂತ ಯಾರೋ ಕಪ್ಪನ್ನೇ ಫೇಸಿಗೆ ಎಳೆದಿರುವುದು ಅಪರೂಪವೇನಲ್ಲ.

ಮಾಡ್ಯೂಲಿಗೆ ಫೇಸ್ ಮತ್ತು ನ್ಯೂಟ್ರಲ್ ಕೊಟ್ಟು, ಲೈಟಿಗೆ ಹೋಗುವ ವೈರುಗಳನ್ನು ಅದರ ಔಟ್‌ಪುಟ್‌ಗೆ ಕಟ್ಟುತ್ತಾರೆ. ನಿಮ್ಮ ಹಳೇ ಸ್ವಿಚ್ಚುಗಳಿಂದ ತೆಳು ವೈರು ಎಳೆದು ಮಾಡ್ಯೂಲಿನ ಇನ್‌ಪುಟ್‌ಗೆ ಕೊಡುತ್ತಾರೆ. ಆಮೇಲೆ ಸ್ವಿಚ್ ನೇರವಾಗಿ ಲೈಟಿಗೆ ಕರೆಂಟ್ ಕೊಡುವುದಿಲ್ಲ, ಯಾರೋ ಒತ್ತಿದರು ಅನ್ನೋ ಸುದ್ದಿಯನ್ನು ಮಾಡ್ಯೂಲಿಗೆ ಮುಟ್ಟಿಸುತ್ತದೆ ಅಷ್ಟೇ. ಇದರಿಂದ ಎರಡು ಸಂಗತಿ ಬದಲಾಗುತ್ತವೆ, ಎರಡನ್ನೂ ಅಪ್ಪನಿಗೆ ಕೂರಿಸಿ ಹೇಳಿ. ಒಂದು, ಸ್ವಿಚ್ ಕೆಳಗಿದ್ದರೆ ಆನ್ ಮೇಲಿದ್ದರೆ ಆಫ್ ಅನ್ನೋ ಲೆಕ್ಕ ಇನ್ನು ಇಲ್ಲ. ಅಮ್ಮ ಮಾತಲ್ಲಿ ಲೈಟ್ ಹಾಕಿದ್ದರೆ ಸ್ವಿಚ್ ಯಾವ ಕಡೆ ಇದ್ದರೂ ಸರಿ, ಅದನ್ನು ಒಮ್ಮೆ ಮಗ್ಗುಲು ಬದಲಿಸಿದರೆ ಲೈಟ್ ಆರುತ್ತದೆ. ಎರಡನೆಯದು ಜೀವದ ಪ್ರಶ್ನೆ. ಸ್ವಿಚ್ ಆಫ್ ಇದೆ ಅಂತ ನಂಬಿ ಟ್ಯೂಬ್‌ಲೈಟ್ ಬದಲಿಸಲು ಸ್ಟೂಲ್ ಹತ್ತಬಾರದು. ಹೋಲ್ಡರ್‌ನಲ್ಲಿ ಕರೆಂಟ್ ಇರಬಹುದು, ಅಥವಾ ಇವರು ಸ್ಟೂಲ್ ಮೇಲಿರುವಾಗಲೇ ಯಾರೋ ಒಳಗಿಂದ ಕೂಗಿ ಲೈಟ್ ಹಾಕಬಹುದು. ಎಂಸಿಬಿ (ಮೇನ್ ಬೋರ್ಡಿನಲ್ಲಿ ಆ ಲೈನಿನ ಸ್ವಿಚ್) ಇಳಿಸಿ, ಯುಪಿಎಸ್ ಲೈನಿನ ಲೈಟಾದರೆ ಯುಪಿಎಸ್ಸನ್ನೂ ಆಫ್ ಮಾಡಿಯೇ ಕೈ ಹಾಕಬೇಕು.

ಯುಪಿಎಸ್ ಇದೆ ಅಂದಿರಿ. ಜಾಸ್ತಿ ತಪ್ಪಾಗುವುದು ಇಲ್ಲೇ. ಯುಪಿಎಸ್ ಹಾಕಿಸಿದಾಗ ಹಾಲಿನ ಒಂದು ಲೈಟು ಒಂದು ಫ್ಯಾನಿಗೆ ಅಂತ ಬೇರೆ ಫೇಸ್ ವೈರ್ ಎಳೆದು ಅದೇ ಬೋರ್ಡಿಗೆ ತಂದಿರುತ್ತಾರೆ. ಅಂದರೆ ಒಂದೇ ಬೋರ್ಡಿನಲ್ಲಿ ಎರಡು ಫೇಸ್: ನೇರ ಲೈನಿನದ್ದು, ಯುಪಿಎಸ್ ಲೈನಿನದ್ದು. ಮಾಡ್ಯೂಲಿಗೆ ಸಾಮಾನ್ಯವಾಗಿ ಒಂದೇ ಫೇಸ್ ಹೋಗುವುದು. ಎರಡೂ ಲೈನಿನ ಸ್ವಿಚ್ಚುಗಳನ್ನು ಒಂದೇ ಮಾಡ್ಯೂಲಿಗೆ ಕಟ್ಟಿಬಿಟ್ಟರೆ ಒಂದೋ ಯುಪಿಎಸ್ ಮೇಲೆ ಬೇಡದ ಲೋಡ್ ಬೀಳುತ್ತದೆ, ಇಲ್ಲವೇ ಕರೆಂಟ್ ಹೋದಾಗ ಮಾಡ್ಯೂಲೇ ಸತ್ತು ಯುಪಿಎಸ್ ಇದ್ದೂ ಕತ್ತಲೆ. ಅದಕ್ಕೇ ಯುಪಿಎಸ್ ಲೈನಿನ ಸ್ವಿಚ್ಚುಗಳಿಗೆ ಮಾತ್ರ ಮಾಡ್ಯೂಲ್ ಹಾಕಿಸಿ, ಉಳಿದದ್ದು ಹಾಗೇ ಇರಲಿ. ನ್ಯೂಟ್ರಲ್ಲನ್ನೂ ಅದೇ ಲೈನಿನದ್ದೇ ಕೊಡಬೇಕು. ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಇರುವ ಮನೆಯಲ್ಲಿ ಫೇಸ್ ಒಂದು ಲೈನಿಂದ, ನ್ಯೂಟ್ರಲ್ ಇನ್ನೊಂದರಿಂದ ಕೊಟ್ಟರೆ ಅದು ಪಟ್ ಅಂತ ಟ್ರಿಪ್ ಆಗುತ್ತದೆ. ಹೋದಷ್ಟೇ ಕರೆಂಟ್ ವಾಪಸ್ ಬಂತಾ ಅಂತ ನೋಡುವುದೇ ಅದರ ಕೆಲಸ, ಬೇರೆ ದಾರಿಯಲ್ಲಿ ವಾಪಸ್ ಹೋದರೆ ಎಲ್ಲೋ ಸೋರಿಕೆ ಅಂದುಕೊಳ್ಳುತ್ತದೆ. ಮಾಡ್ಯೂಲ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಡುವ ಮುಂಚೆ ಇದನ್ನು ನೋಡಿಸಿ.

ಫ್ಯಾನನ್ನು ಮಾಡ್ಯೂಲಿನಿಂದ ಹಾಕಿ ಆರಿಸಬಹುದು, ರೆಗ್ಯುಲೇಟರ್ ಇದ್ದಲ್ಲೇ ಇರಲಿ. ಗೀಸರ್ ಬೇಡ. 2000 ವ್ಯಾಟಿನ ಗೀಸರ್ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ, ಲೈಟಿನ ಮಾಡ್ಯೂಲಿನ ರಿಲೇ, ಅಂದರೆ ಅದರೊಳಗಿನ ಸ್ವಿಚ್, ಅದಕ್ಕೆ ಮಾಡಿದ್ದಲ್ಲ. ಬೋರಿನ ಮೋಟಾರ್ ಅಂತೂ ಕೇಳಲೇಬೇಡಿ. ಚೋಕ್ ಇರುವ ಹಳೇ ನಲವತ್ತು ವ್ಯಾಟಿನ ಟ್ಯೂಬ್‌ಲೈಟ್ ಇನ್ನೂ ಉಳಿದಿದ್ದರೆ ಇದೇ ನೆಪದಲ್ಲಿ ತೆಗೆಸಿ ಇಪ್ಪತ್ತು ವ್ಯಾಟಿನ ಎಲ್‌ಇಡಿ ಹಾಕಿಸಿ. ಮೆಟ್ಟಿಲಿನ ಟೂ-ವೇ ಸ್ವಿಚ್ಚಿಗೆ ಕೈ ಹಾಕಬೇಡಿ, ಅದರ ವೈರಿಂಗ್ ಬೇರೆ ಥರ. ಅಮ್ಮ ಮೆಟ್ಟಿಲು ಹತ್ತುವುದೂ ಅಷ್ಟಕ್ಕಷ್ಟೇ ಇರುತ್ತದೆ.

ಇನ್ನು ವೈಫೈ. ಈ ಮಾಡ್ಯೂಲುಗಳು, ಬಲ್ಬುಗಳು ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ಈಗಿನ ರೂಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ. ನಿಮ್ಮ ಫೋನ್ 5ಕ್ಕೆ ಅಂಟಿಕೊಂಡಿರುತ್ತದೆ, ಮಾಡ್ಯೂಲ್ 2.4ರಲ್ಲಿ ಹುಡುಕುತ್ತಿರುತ್ತದೆ, ಆ್ಯಪ್‌ನಲ್ಲಿ ಗಾಲಿ ಸುತ್ತುತ್ತಲೇ ಇರುತ್ತದೆ. ರೂಟರ್ ಸೆಟ್ಟಿಂಗಿಗೆ ಹೋಗಿ ಜೋಡಿಸುವಷ್ಟು ಹೊತ್ತು 5 ಗಿಗಾಹರ್ಟ್ಸ್ ಆಫ್ ಮಾಡಿ, ಎಲ್ಲಾ ಸೇರಿದ ಮೇಲೆ ಮತ್ತೆ ಆನ್ ಮಾಡಿ. ಭದ್ರತೆ ಡಬ್ಲ್ಯುಪಿಎ3 ಅಂತ ಇದ್ದು ಮಾಡ್ಯೂಲ್ ಸೇರಲು ಹಟ ಮಾಡಿದರೆ ಡಬ್ಲ್ಯುಪಿಎ2ಗೆ ಇಳಿಸಿ. ಮುಂದೆ ಯಾವತ್ತಾದರೂ ರೂಟರ್ ಬದಲಾದರೆ ಹೊಸದಕ್ಕೂ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಕೊಡಿ. ಎಲ್ಲಾ ತಾವಾಗೇ ಬಂದು ಸೇರಿಕೊಳ್ಳುತ್ತವೆ. ಇಲ್ಲದಿದ್ದರೆ ನೀವು ಬೆಂಗಳೂರಿಂದ ಬಸ್ ಹತ್ತಬೇಕಾಗುತ್ತದೆ.

ರೂಟರ್‌ಗೆ ಯುಪಿಎಸ್ ಲೈನಿನಿಂದಲೇ ಕರೆಂಟ್ ಕೊಡಿಸಿ. ಫೈಬರ್ ಕನೆಕ್ಷನ್ ಆದರೆ ಕೆಲವು ಮನೆಗಳಲ್ಲಿ ಎರಡು ಡಬ್ಬ ಇರುತ್ತವೆ, ಫೈಬರ್ ಬಂದು ಸೇರುವ ಗೋಡೆ ಹತ್ತಿರದ ಓಎನ್‌ಟಿ ಒಂದು, ರೂಟರ್ ಇನ್ನೊಂದು. ಎರಡಕ್ಕೂ ಬೇಕು. ರೂಟರ್ ಒಂದನ್ನೇ ಉಳಿಸಿಕೊಂಡರೆ ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ. ಮಾತು ಅರ್ಥವಾಗುವುದು ಕಂಪನಿಯ ಸರ್ವರ್‌ನಲ್ಲಿ, ಹಾಗಾಗಿ ಇಂಟರ್ನೆಟ್ ಇಲ್ಲದೆ ಮಾತಿನ ಲೈಟ್ ನಡೆಯುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆಗ ಸ್ವಿಚ್ ಇದ್ದೇ ಇದೆ.

ಕರೆಂಟ್ ಹೋಗಿ ಬರುವುದರ ಬಗ್ಗೆ ಇನ್ನೊಂದು. ಆ್ಯಪ್‌ನಲ್ಲಿ ಪ್ರತಿ ಮಾಡ್ಯೂಲಿಗೂ, ಬಲ್ಬಿಗೂ ಕರೆಂಟ್ ಬಂದಾಗ ಏನು ಮಾಡಬೇಕು ಅನ್ನೋ ಸೆಟ್ಟಿಂಗ್ ಇರುತ್ತದೆ. ಬಲ್ಬುಗಳು ಕೆಲವು ಫ್ಯಾಕ್ಟರಿಯಿಂದಲೇ 'ಆನ್' ಆಗಿ ಬಂದಿರುತ್ತವೆ. ಅದನ್ನು ಹಾಗೇ ಬಿಟ್ಟರೆ ರಾತ್ರಿ ಮೂರು ಗಂಟೆಗೆ ಕರೆಂಟ್ ಬಂದಾಗ ಮಲಗುವ ರೂಮಿನ ಲೈಟ್ ಝಗ್ ಅಂತ ಹತ್ತುತ್ತದೆ. 'ಮೊದಲು ಇದ್ದ ಹಾಗೆ' ಅನ್ನೋದನ್ನು ಆರಿಸಿ.

ಈಗ ಭಾಷೆ. ಅಲೆಕ್ಸಾ ಸ್ಪೀಕರ್ ಭಾರತಕ್ಕೆ ಬಂದಿದ್ದು 2017ರಲ್ಲಿ, ಗೂಗಲ್‌ನದ್ದು 2018ರಲ್ಲಿ. ಈ ಸ್ಪೀಕರ್‌ಗಳು ಇಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಡೆಯುತ್ತವೆ, ಕನ್ನಡದಲ್ಲಿ ಅಲ್ಲ. ಫೋನಿನ ಗೂಗಲ್ ಅಸಿಸ್ಟೆಂಟ್‌ಗೆ 2019ರಲ್ಲೇ ಕನ್ನಡ ಬಂತು, ಆದರೆ ಅಮ್ಮನಿಗೆ ಬೇಕಿರುವುದು ಫೋನ್ ಹುಡುಕುವ ಇನ್ನೊಂದು ಕೆಲಸ ಅಲ್ಲವಲ್ಲ. ಹೆದರಬೇಡಿ, ಇದು ಅಂದುಕೊಂಡಷ್ಟು ದೊಡ್ಡ ತೊಡಕಲ್ಲ. 'ಅಲೆಕ್ಸಾ, ಹಾಲ್ ಲೈಟ್ ಆನ್'. ಇದರಲ್ಲಿ ಅಮ್ಮನಿಗೆ ಗೊತ್ತಿಲ್ಲದ ಮಾತು ಮೊದಲನೆಯದು ಮಾತ್ರ. ವ್ಯಾಕರಣ ಬೇಕಿಲ್ಲ, ಇಷ್ಟೇ ಸಾಕು. ಭಾಷೆಯನ್ನು 'ಇಂಗ್ಲಿಷ್ (ಇಂಡಿಯಾ)' ಅಂತ ಇಡಿ, ನಮ್ಮ ಉಚ್ಚಾರಣೆ ಅದಕ್ಕೆ ಒಗ್ಗುತ್ತದೆ.

ಹೆಸರಿಡುವುದರಲ್ಲಿ ಮಾತ್ರ ಜಾಣತನ ಬೇಕು. ಆ್ಯಪ್ ತಾನಾಗಿ ಕೊಡುವ 'ಸ್ವಿಚ್ 1', 'ಸ್ವಿಚ್ 2' ತೆಗೆದುಹಾಕಿ. 'ಬೆಡ್‌ರೂಮ್' ಮತ್ತು 'ಬಾತ್‌ರೂಮ್' ಎರಡೂ ಇಡಬೇಡಿ, ಕಿವಿಗೆ ಒಂದೇ ಥರ ಕೇಳುತ್ತವೆ, ಅಮ್ಮ ಒಂದು ಹೇಳಿದರೆ ಇನ್ನೊಂದು ಹತ್ತುತ್ತದೆ. ಹಾಲ್, ಕಿಚನ್, ಗೇಟ್, ಪೂಜಾ ಅಂತ ಚಿಕ್ಕ, ದೂರ ದೂರದ ಹೆಸರುಗಳಿರಲಿ. ಅಮ್ಮನ ರೂಮಿನಲ್ಲಿ ಇನ್ನೂ ಸುಲಭದ ದಾರಿ ಇದೆ: ಆ್ಯಪ್‌ನಲ್ಲಿ ಆ ರೂಮಿನ ಹೆಸರಲ್ಲಿ ಒಂದು ಗ್ರೂಪ್ ಮಾಡಿ, ಲೈಟಿನ ಜೊತೆಗೆ ಅಲ್ಲಿಟ್ಟ ಸ್ಪೀಕರ್ ಅನ್ನೂ ಅದೇ ಗ್ರೂಪಿಗೆ ಸೇರಿಸಿ. ಆಗ ರೂಮಿನ ಹೆಸರು ಹೇಳುವುದೇ ಬೇಡ, 'ಲೈಟ್ ಆನ್' ಅಂದರೆ ತಾನಿರುವ ರೂಮಿನ ಲೈಟ್ ಹಾಕುತ್ತದೆ.

ಅಮ್ಮ ಪೂರ್ತಿ ಕನ್ನಡದಲ್ಲೇ ಹೇಳಬೇಕು ಅಂತಿದ್ದರೆ ಅದಕ್ಕೂ ಒಂದು ಉಪಾಯ ಇದೆ. ಅಲೆಕ್ಸಾದಲ್ಲಿ ರೂಟೀನ್ ಅಂತ ಇದೆ, ನಾವು ಕೊಟ್ಟ ಯಾವುದೇ ಮಾತಿಗೆ ನಾವು ಹೇಳಿದ ಕೆಲಸ ಮಾಡುತ್ತದೆ. 'ದೀಪ ಹಚ್ಚು' ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅದಕ್ಕೆ ಲೈಟ್ ಜೋಡಿಸಿ. ಮೊದಲ ಸಲಕ್ಕೇ ನಡೆಯಲಿಕ್ಕಿಲ್ಲ, ಯಾಕೆಂದರೆ ಅದಕ್ಕೆ ಕನ್ನಡ ಕೇಳುವ ಕಿವಿ ಇಲ್ಲ, ಹತ್ತಿರದ ಇಂಗ್ಲಿಷ್ ಪದಕ್ಕೆ ಎಳೆದುಕೊಳ್ಳುತ್ತದೆ. ಆಗ ಹೀಗೆ ಮಾಡಿ. ಅಮ್ಮನ ಕೈಲೇ ನಾಲ್ಕೈದು ಸಲ ಹೇಳಿಸಿ, ಆಮೇಲೆ ಆ್ಯಪ್‌ನ ವಾಯ್ಸ್ ಹಿಸ್ಟರಿ ತೆಗೆದು ಅದು ಏನಂತ ಕೇಳಿಸಿಕೊಂಡಿದೆ ನೋಡಿ. ಅರ್ಥವಿಲ್ಲದ ಎರಡು ಮೂರು ರೂಪ ಸಿಗುತ್ತವೆ, ನಗು ಬರುತ್ತದೆ. ಅವನ್ನೇ ಯಥಾಪ್ರಕಾರ ಆ ರೂಟೀನಿಗೆ ಇನ್ನಷ್ಟು ಮಾತುಗಳಾಗಿ ಸೇರಿಸಿಬಿಡಿ. ಅದು ತಪ್ಪಾಗಿ ಕೇಳಿದರೂ ಕೆಲಸ ಸರಿಯಾಗಿ ಆಗುತ್ತದೆ. ಹೇಳಿಸುವಾಗ ನಿಮ್ಮ ದನಿ ಬೇಡ, ಅಮ್ಮನ ದನಿಯೇ ಇರಲಿ. ಅಮ್ಮ ದಿನಾ ಹೇಗೆ ಹೇಳುತ್ತಾರೋ ಹಾಗೆ, ಕೂತ ಜಾಗದಿಂದಲೇ.

ಸೆಟ್ಟಿಂಗಿನಲ್ಲಿ 'ಬ್ರೀಫ್ ಮೋಡ್' ಆನ್ ಮಾಡಿದರೆ ಪ್ರತಿ ಸಲ ಮಾತಾಡದೆ ಒಂದು ಚಿಕ್ಕ ಸದ್ದು ಮಾಡಿ ಸುಮ್ಮನಾಗುತ್ತದೆ. ಅಮ್ಮನಿಗೆ ಒಂದೇ ಪಾಠ ಹೇಳಿಕೊಡಿ: ಸದ್ದು ಬಂದರೆ ಆಯ್ತು, ಅದು ಉದ್ದಕ್ಕೆ ಮಾತಾಡಲು ಶುರು ಮಾಡಿದರೆ ಏನೋ ಕೆಟ್ಟಿದೆ, ಅಪ್ಪನಿಗೆ ಸ್ವಿಚ್ ಹಾಕಲು ಹೇಳಬೇಕು. ಮಾತಲ್ಲಿ ಸಾಮಾನು ಕೊಳ್ಳುವ ಸೌಲಭ್ಯ ಆಫ್ ಮಾಡಿ. ಮೈಕ್ ಬಂದ್ ಮಾಡುವ ಗುಂಡಿ ತೋರಿಸಿಕೊಡಿ, ಒತ್ತಿದರೆ ಕೆಂಪು ದೀಪ ಬರುತ್ತದೆ, ಆಗ ಅದು ಕೇಳಿಸಿಕೊಳ್ಳುತ್ತಿಲ್ಲ ಅಂತ. ಸ್ಪೀಕರ್ ಅನ್ನು ಟಿವಿಯಿಂದ ದೂರ ಇಡಿ. ಧಾರಾವಾಹಿಯ ಗಲಾಟೆಯಲ್ಲಿ ಅಮ್ಮನ ಮಾತು ಅದಕ್ಕೆ ಕೇಳುವುದಿಲ್ಲ.

ಒಂದು ಜಾಗದಲ್ಲಿ ಮಾತಿನ ಲೈಟ್ ಬೇಡ ಅಂತಲೇ ಹೇಳುತ್ತೇನೆ. ರಾತ್ರಿ ಬಚ್ಚಲುಮನೆಗೆ ಹೋಗುವ ದಾರಿ. ಅರೆನಿದ್ದೆಯಲ್ಲಿ ಎದ್ದವರು ಅಲೆಕ್ಸಾ ಅಂತ ಕೂಗಿ ಪಕ್ಕದಲ್ಲಿ ಮಲಗಿದವರನ್ನೂ ಎಬ್ಬಿಸುತ್ತಾ ಕೂರುವುದಿಲ್ಲ, ಕತ್ತಲಲ್ಲೇ ತಡಕಾಡಿಕೊಂಡು ಹೋಗುತ್ತಾರೆ, ಬೀಳುವುದೂ ಆಗಲೇ. ಅಲ್ಲಿಗೆ ಸಾಕೆಟ್ಟಿಗೆ ಚುಚ್ಚುವ ಸೆನ್ಸರ್ ಲೈಟ್ ಹಾಕಿ, ಕೆಲವು ನೂರು ರೂಪಾಯಿಯದ್ದು. ನೆಲದಿಂದ ಒಂದಡಿ ಎತ್ತರದಲ್ಲಿದ್ದರೆ ಕಾಲು ಮಂಚದಿಂದ ಇಳಿದ ಕೂಡಲೇ ಹತ್ತುತ್ತದೆ, ಬೆಳಕು ಕಣ್ಣಿಗೆ ಹೊಡೆಯದೆ ನೆಲದ ಮೇಲೆ ಬೀಳುತ್ತದೆ. ವೈಫೈ ಬೇಡ, ಆ್ಯಪ್ ಬೇಡ. ಮಂಡಿನೋವಿನವರಿಗೆ ಇಡೀ ಯೋಜನೆಯಲ್ಲಿ ಅತಿ ಜಾಸ್ತಿ ಉಪಯೋಗ ಆಗುವುದು ಇದೇ, ಮೊದಲು ಇದನ್ನೇ ಹಾಕಿಸಿ. ಗೇಟ್ ಲೈಟನ್ನೂ ಮಾತಿಗೆ ಬಿಡಬೇಡಿ. ಆ್ಯಪ್‌ನಲ್ಲಿ ಮನೆಯ ಜಾಗ ದಾವಣಗೆರೆ ಅಂತ ಸರಿಯಾಗಿ ಕೊಟ್ಟು, ಸೂರ್ಯ ಮುಳುಗಿದಾಗ ಹತ್ತಿ ಬೆಳಗ್ಗೆ ಆರಕ್ಕೆ ಆರುವ ಹಾಗೆ ಇಡಿ. ನಿಮ್ಮ ಬೆಂಗಳೂರಿನ ವಿಳಾಸ ಉಳಿದುಬಿಟ್ಟಿದ್ದರೆ ಬದಲಿಸಿ.

ದುಡ್ಡಿನ ಲೆಕ್ಕ ಸುಮಾರಾಗಿ ಹೀಗೆ: ಚಿಕ್ಕ ಸ್ಪೀಕರ್ ಒಂದಕ್ಕೆ ನಾಲ್ಕೂವರೆಯಿಂದ ಐದೂವರೆ ಸಾವಿರ, ಆಫರ್ ಇದ್ದಾಗ ಕಡಿಮೆ. ನಾಲ್ಕು ಸ್ವಿಚ್ಚಿನ ಮಾಡ್ಯೂಲ್ ಒಂದೂವರೆಯಿಂದ ಎರಡೂವರೆ ಸಾವಿರ, ಮೂರು ಬೋರ್ಡಿಗೆ ಮೂರು. ಮೇಲೆ ಸೆನ್ಸರ್ ಲೈಟ್ ಎರಡು, ಎಲೆಕ್ಟ್ರಿಷಿಯನ್‌ಗೆ ಒಂದು ದಿನದ ಕೂಲಿ. ಮಾಡ್ಯೂಲ್ ಕೊಳ್ಳುವಾಗ 'ಮ್ಯಾಟರ್' ಗುರುತು ಇದ್ದರೆ ಒಳ್ಳೆಯದು. 2022ರಲ್ಲಿ ಬಂದ ಈ ಮಾನದಂಡ ಇದ್ದರೆ ನಾಳೆ ಅಲೆಕ್ಸಾ ಬಿಟ್ಟು ಗೂಗಲ್‌ಗೆ ಹೋದರೂ ಮಾಡ್ಯೂಲ್ ಬದಲಿಸಬೇಕಿಲ್ಲ. ಅದಕ್ಕೋಸ್ಕರ ದುಪ್ಪಟ್ಟು ಕೊಡಬೇಕಿಲ್ಲ.

ಕರೆಂಟ್ ಬಿಲ್ಲಿನ ಬಗ್ಗೆ ಅಪ್ಪ ಖಂಡಿತ ಕೇಳುತ್ತಾರೆ. ಸ್ಪೀಕರ್ ಮತ್ತು ಮೂರು ಮಾಡ್ಯೂಲ್ ಸುಮ್ಮನೆ ಕೂತಾಗ ಎಲ್ಲಾ ಸೇರಿ ನಾಲ್ಕೈದು ವ್ಯಾಟ್ ತಿನ್ನುತ್ತವೆ ಅಂತ ಹಿಡಿದರೂ ತಿಂಗಳಿಗೆ ಮೂರರಿಂದ ನಾಲ್ಕು ಯೂನಿಟ್. ಗೃಹಜ್ಯೋತಿಯಲ್ಲಿ ಹಳೇ ಸರಾಸರಿಯ ಮೇಲೆ ಸ್ವಲ್ಪ ಜಾಸ್ತಿ ಬಳಸಲು ಅವಕಾಶ ಇದೆಯಲ್ಲ, ನಲವತ್ತು ವ್ಯಾಟಿನ ಒಂದು ಟ್ಯೂಬ್ ತೆಗೆದು ಎಲ್‌ಇಡಿ ಹಾಕಿದರೆ ಆ ಯೂನಿಟ್ಟುಗಳು ಅಲ್ಲೇ ಉಳಿಯುತ್ತವೆ.

ಎಲ್ಲಾ ಒಂದೇ ದಿನ ಮಾಡಿಸಬೇಡಿ. ಮುಂದಿನ ಸಲ ಊರಿಗೆ ಹೋದಾಗ ಸೆನ್ಸರ್ ಲೈಟು ಮತ್ತು ಹಾಲಿನ ಒಂದು ಬೋರ್ಡು ಅಷ್ಟೇ ಆಗಲಿ. ಎರಡು ಮೂರು ವಾರ ಅವರು ಬಳಸಲಿ. ಫೋನಿನಲ್ಲಿ ಅಮ್ಮನನ್ನೇ ಕೇಳಿ, ಯಾವ ಲೈಟ್ ಮಾತಲ್ಲಿ ಹಾಕ್ತೀರಾ, ಯಾವುದು ಈಗಲೂ ಕೈಯಲ್ಲೇ ಹಾಕ್ತೀರಾ ಅಂತ. ಉತ್ತರ ನೋಡಿಕೊಂಡು ಉಳಿದ ಎರಡು ಮಾಡ್ಯೂಲ್ ಎಲ್ಲಿಗೆ ಅಂತ ತೀರ್ಮಾನ ಮಾಡಿ. ಬೆಂಗಳೂರಲ್ಲಿ ಕೂತು ಆ್ಯಪ್‌ನಿಂದ ಅವರ ಮನೆ ಲೈಟ್ ಆರಿಸುವ ಆಸೆ ನಿಮಗೆ ಬಂದೇ ಬರುತ್ತದೆ, ದಯವಿಟ್ಟು ಬೇಡ. ಮತ್ತೆ ಎಲೆಕ್ಟ್ರಿಷಿಯನ್ ಶೀಟ್ ಮುಚ್ಚುವ ಮುಂಚೆ ಒಳಗಿನ ವೈರಿಂಗಿನ ಒಂದು ಫೋಟೋ ತೆಗೆದುಕೊಳ್ಳಿ, ಯಾವ ವೈರು ಯಾವ ಲೈಟಿಗೆ ಅಂತ ಚೀಟಿಯಲ್ಲಿ ಬರೆದು ಬಾಕ್ಸಿನ ಒಳಗೇ ಅಂಟಿಸಿ. ನಾಳೆ ಬೇರೆ ಯಾರೋ ರಿಪೇರಿಗೆ ಬಂದರೆ ಅವರಿಗೆ ಅದು ಬೇಕಾಗುತ್ತದೆ.